ನಮ್ಮೂರಲ್ಲಿ ಇಲ್ಲದವರು

ಬಾಗಲಕೋಟೆಯಿಂದ ಹೊರಟು ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲುಗಳನ್ನು ಸುತ್ತಿ ಮತ್ತೆ ಬಾಗಲಕೋಟೆಗೆ ಬಂದರೂ ದಾರಿಯಲ್ಲಿ ಒಬ್ಬ ಯೆಹೂದ್ಯರು ಭೇಟಿಯಾಗುವುದು ಕಷ್ಟ. ಅವರ ಪ್ರಾರ್ಥನಾ ಮಂದಿರ ಇಲ್ಲಿಲ್ಲ. ಸಂತೆಯಲ್ಲಿ ಅವರ ಅಂಗಡಿಯಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರ ಊರು, ಜಾತಿ, ತವರುಮನೆ, ಮಕ್ಕಳೆಷ್ಟು ಎಂಬುದನ್ನೆಲ್ಲ ಎರಡು ಸ್ಟಾಪು ದಾಟುವುದರೊಳಗೆ ಕೇಳಿ ತಿಳಿದುಕೊಳ್ಳುವವರು. ಹಾಗಿದ್ದೂ 'ನಾವು ಯೆಹೂದ್ಯರ್ರೀ' ಎಂಬ ಉತ್ತರ ಕೇಳಿದವರು ನನಗೆ ಗೊತ್ತಿದ್ದವರಲ್ಲಿ ಒಬ್ಬರೂ ಇಲ್ಲ.

ಅವರು ಇಲ್ಲ. ಆದರೆ ಅವರ ಬಗೆಗಿನ ಮಾತು ಇದೆ. ಶುಭ ಶುಕ್ರವಾರದ ದಿನ ಒಂದಲ್ಲ ಒಂದು ಊರಿನ ಪ್ರಸಂಗದಲ್ಲಿ 'ಯೆಹೂದ್ಯರು ನಮ್ಮ ಕರ್ತನನ್ನು ಕೊಂದರು' ಎಂಬ ಮಾತು ಸಲೀಸಾಗಿ ಬಂದುಹೋಗುತ್ತದೆ. ಹೊರಗೊಂದು ಒಳಗೊಂದು ಇರುವವರಿಗೆ ನಾವು 'ಫರಿಸಾಯ' ಎನ್ನುತ್ತೇವೆ. ಬೆನ್ನಿಗೆ ಚೂರಿ ಹಾಕಿದವನಿಗೆ 'ಯೂದ' ಎನ್ನುತ್ತೇವೆ. ಕ್ರೈಸ್ತರಲ್ಲದ ಮನೆಗಳಲ್ಲೂ ಹೈಸ್ಕೂಲು ಕಾಲೇಜು ಓದಿದವರು ಮೀಟರ್ ಬಡ್ಡಿಯವನನ್ನು 'ಶೈಲಾಕ್' ಎಂದು ಕರೆಯುತ್ತಾರೆ. ಗದರುವ ಅತ್ತೆಗೂ ಶಿಸ್ತಿನ ಹೆಡ್‌ಮಾಸ್ತರರಿಗೂ 'ಹಿಟ್ಲರ್' ಎಂದು ಅಡ್ಡಹೆಸರಿಡುತ್ತಾರೆ. 2021ರಲ್ಲಿ ಶುರುವಾದ ಒಂದು ಕನ್ನಡ ಧಾರಾವಾಹಿಯ ಹೆಸರಿನಲ್ಲೇ ಹಿಟ್ಲರ್ ಇದ್ದ. ಸಂಜೆಯ ಚಹಾದ ಜೊತೆ ಮನೆಮಂದಿಯೆಲ್ಲ ನೋಡಿದರು. ಈಚೆಗೆ ಮೊಬೈಲಿನಲ್ಲಿ ಬರುವ ಸಂದೇಶಗಳಂತೂ ಕೇಳುವುದೇ ಬೇಡ. ಜಗತ್ತಿನ ಬ್ಯಾಂಕುಗಳೆಲ್ಲ ಅವರ ಕೈಯಲ್ಲಿವೆ, ಜಗತ್ತಿನ ರೋಗಗಳೆಲ್ಲ ಅವರಿಂದ ಬಂದವು ಎಂದು ಯಾರೋ ಬರೆದದ್ದನ್ನು ಯಾರೋ ನಮಗೆ ಕಳಿಸುತ್ತಾರೆ. ಕೆಳಗೆ 'ಹತ್ತು ಮಂದಿಗೆ ಕಳಿಸಿರಿ' ಎಂಬ ಆಜ್ಞೆ.

ಇದನ್ನು ಕುರಿತು ನಾನು ಒಮ್ಮೆ ಮಾತೆತ್ತಿದಾಗ ಇಳಕಲ್ಲಿನ ಗೆಳತಿಯೊಬ್ಬಳು ಕೇಳಿದಳು: 'ಅಕ್ಕಾರ, ಅವ್ರು ನಮ್ಮೂರಾಗ ಇಲ್ಲ, ನಮ್ಮ ಮಾತು ಅವ್ರಿಗೆ ತಿಳಿಯಂಗಿಲ್ಲ. ಇಲ್ಲದವರನ್ನ ಬೈದ್ರ ಯಾರಿಗೆ ಹತ್ತತೈತ್ರಿ?'

ಪ್ರಶ್ನೆ ಸರಳವಾಗಿ ಕಂಡರೂ ಸಣ್ಣದಲ್ಲ. ಬೈಗಳಿಗೆ ಒಬ್ಬ ಬೈಸಿಕೊಳ್ಳುವವನು ಬೇಕು, ಏಟಿಗೆ ಒಂದು ಬೆನ್ನು ಬೇಕು. ಯಾರಿಗೂ ತಾಗದ ಕಲ್ಲನ್ನು ಎಸೆದರೆ ಪಾಪವೇ? ಈ ಪ್ರಶ್ನೆಗೆ 'ಹೌದು, ಪಾಪವೇ' ಎಂದು ಬಾಯಿಮಾತಿಗೆ ಹೇಳಿ ಕೈತೊಳೆದುಕೊಳ್ಳುವುದು ನನಗೆ ಸರಿಕಾಣಲಿಲ್ಲ. ಯಾಕೆ ಪಾಪ, ಯಾರಿಗೆ ನಷ್ಟ ಎಂದು ನೋಡಬೇಕಲ್ಲವೇ?

ಮೊದಲು ಆ ಶೈಲಾಕನನ್ನೇ ತೆಗೆದುಕೊಳ್ಳೋಣ. ಷೇಕ್ಸ್‌ಪಿಯರನು 'ವೆನಿಸ್ಸಿನ ವರ್ತಕ' ನಾಟಕವನ್ನು ಬರೆದದ್ದು ಹದಿನಾರನೆಯ ಶತಮಾನದ ಕೊನೆಯಲ್ಲಿ. ಇಂಗ್ಲೆಂಡಿನ ರಾಜ ಒಂದನೆಯ ಎಡ್ವರ್ಡನು ತನ್ನ ರಾಜ್ಯದ ಯೆಹೂದ್ಯರನ್ನೆಲ್ಲ ಹೊರಗಟ್ಟಿದ್ದು 1290ರಲ್ಲಿ. ಅವರನ್ನು ಮತ್ತೆ ಬರಗೊಟ್ಟದ್ದು 1656ರಲ್ಲಿ. ಅಂದರೆ ಆ ನಾಟಕ ನೋಡಿ ನಕ್ಕ ಲಂಡನ್ನಿನ ಜನರಲ್ಲಿ ಬಹುಪಾಲಿನವರು, ಅವರ ಅಜ್ಜ ಮುತ್ತಜ್ಜಂದಿರು ಕೂಡ, ಒಬ್ಬ ಯೆಹೂದ್ಯನ ಪಕ್ಕದ ಮನೆಯಲ್ಲಿ ಬದುಕಿದವರಲ್ಲ. ಮುನ್ನೂರು ವರ್ಷ ಊರಲ್ಲಿ ಇಲ್ಲದವರನ್ನು ಅವರು ನಾಟಕದಲ್ಲಿ ಕಂಡು ಹಲ್ಲು ಕಡಿದರು. ನನಗೆ ಆಶ್ಚರ್ಯವೆನಿಸುವುದು ಇದು. ಹಗೆಗೆ ಎದುರಾಳಿ ಬೇಕಾಗಿಲ್ಲ. ಎದುರಾಳಿ ಇಲ್ಲದಿದ್ದರೇ ಅದಕ್ಕೆ ಅನುಕೂಲ. ಪಕ್ಕದ ಮನೆಯಲ್ಲಿದ್ದವನು ಎಂದಾದರೂ ಒಂದು ಬಟ್ಟಲು ಸಕ್ಕರೆ ಕೊಟ್ಟು, ಜ್ವರ ಬಂದಾಗ ಬಾಗಿಲು ತಟ್ಟಿ, ನಮ್ಮ ಮನಸ್ಸಿನ ಚಿತ್ರವನ್ನು ಕೆಡಿಸಿಬಿಟ್ಟಾನು. ಇಲ್ಲದವನು ಹಾಗೆ ಮಾಡಲಾರ. ನಾವು ಬರೆದ ಬಣ್ಣದಲ್ಲೇ ಉಳಿದುಬಿಡುತ್ತಾನೆ.

ಇನ್ನು ಬಡ್ಡಿಯ ಮಾತು. ಮಧ್ಯಯುಗದ ಯುರೋಪಿನ ಬಹಳ ಕಡೆ ಯೆಹೂದ್ಯರು ಹೊಲ ಹಿಡಿಯುವಂತಿರಲಿಲ್ಲ, ಕಸುಬುದಾರರ ಸಂಘಗಳಿಗೆ ಸೇರುವಂತಿರಲಿಲ್ಲ. ಬಡ್ಡಿ ತಿನ್ನುವುದು ಕ್ರೈಸ್ತನಿಗೆ ಪಾಪವೆಂದು ಸಭೆ ಹೇಳಿತ್ತು. ಆದರೆ ಸಾಲ ಎಲ್ಲರಿಗೂ ಬೇಕಿತ್ತು, ರಾಜರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತು. ಹೀಗಾಗಿ ಬೇರೆ ಬಾಗಿಲುಗಳನ್ನೆಲ್ಲ ಮುಚ್ಚಿ ಒಂದು ಬಾಗಿಲು ತೆರೆದಿಟ್ಟರು. ಆ ಬಾಗಿಲಿನಿಂದ ಒಳಗೆ ಬಂದವನನ್ನು 'ನೋಡಿರಿ, ಇವನ ಸ್ವಭಾವವೇ ಹೀಗೆ' ಎಂದು ತೋರಿಸಿದರು. ಅವರಲ್ಲಿ ಬಹುಮಂದಿ ಚಮ್ಮಾರರು, ದರ್ಜಿಗಳು, ತಿರುಗಾಟದ ವ್ಯಾಪಾರಿಗಳು, ಕಡುಬಡವರು ಎಂಬುದು ಯಾರಿಗೂ ನೆನಪಾಗಲಿಲ್ಲ. ಮುಂಗಡ ಹಣಕ್ಕೆ ಕೈಯೊಡ್ಡಿ ಮಗ್ಗದ ಕುಣಿಯಲ್ಲಿ ಕಾಲಿಟ್ಟವರ ಕಷ್ಟ ಇಳಕಲ್ಲಿನವರಿಗೆ ಹೊಸದಲ್ಲ. ಒಬ್ಬರ ಕಸುಬನ್ನು ಅವರ ಹುಟ್ಟುಗುಣವೆಂದು ಹಣೆಗೆ ಬರೆಯುವ ಚಾಳಿಯೂ ನಮ್ಮ ದೇಶಕ್ಕೆ ಹೊಸದಲ್ಲ. ಆದ್ದರಿಂದ ಆ ಅನ್ಯಾಯ ನಮಗೆ ಬೇಗ ಅರ್ಥವಾಗಬೇಕು.

ಇಷ್ಟು ಹೊರಗಿನ ಮಾತಾಯಿತು. ಇನ್ನು ನಮ್ಮ ಮನೆಯ ಮಾತು.

ಗುಳೇದಗುಡ್ಡಕ್ಕೆ ಬಾಸೆಲ್ ಮಿಶನ್ನಿನವರು ಬಂದದ್ದು 1851ರಲ್ಲಿ. ಖಣ ನೇಯುವ ಆ ಊರಿನಲ್ಲಿ ಅಂದು ಹುಟ್ಟಿದ ಸಭೆ ಇಂದಿಗೂ ಇದೆ. ಅಲ್ಲಿಯೂ ಗದಗ ಬೆಟಗೇರಿಯಲ್ಲೂ ಹುಬ್ಬಳ್ಳಿ ಧಾರವಾಡಗಳಲ್ಲೂ ಕ್ರೈಸ್ತರ ಮನೆಗಳ ಹೆಣ್ಣುಮಕ್ಕಳ ಹೆಸರುಗಳನ್ನು ಒಮ್ಮೆ ಕೇಳಿರಿ: ರೂತಮ್ಮ, ಎಸ್ತೇರಮ್ಮ, ಸಾರಮ್ಮ, ರಾಹೇಲಬಾಯಿ, ಮರಿಯಮ್ಮ. ಗಂಡಸರು ಸಮುವೇಲಪ್ಪ, ದಾವೀದಪ್ಪ, ಯೋಸೇಫಪ್ಪ. ಅಮ್ಮ, ಅಪ್ಪ ನಮ್ಮ ನೆಲದ್ದು. ಉಳಿದ ಹೆಸರೆಲ್ಲ ಯೆಹೂದ್ಯರದ್ದು. ನಾಮಕರಣದ ದಿನ ತೊಟ್ಟಿಲಲ್ಲಿಟ್ಟು ಕಿವಿಯಲ್ಲಿ ಕರೆದ ಹೆಸರು ಯಾರದೋ, ಅವರನ್ನೇ ಶುಭ ಶುಕ್ರವಾರದ ದಿನ ಬೈಯುವುದೆಂದರೆ ಎಂಥ ವಿಚಿತ್ರ!

ಹೆಸರಷ್ಟೇ ಅಲ್ಲ. ಪ್ರಾರ್ಥನೆಯ ಕೊನೆಗೆ 'ಆಮೆನ್' ಎನ್ನುತ್ತೇವೆ, ಸಂತೋಷವಾದಾಗ 'ಹಲ್ಲೆಲೂಯ' ಎನ್ನುತ್ತೇವೆ. ಎರಡೂ ಇಬ್ರಿಯ ಮಾತು. ಮನೆಯಲ್ಲಿ ಸಾವಾದರೆ, ಮಗಳ ಹೆರಿಗೆ ಕಷ್ಟವಾದರೆ ನಾವು ಕೈಗೆತ್ತಿಕೊಳ್ಳುವ ಕೀರ್ತನೆಗಳು ಅವರ ಪ್ರಾರ್ಥನೆಗಳು. ಕರ್ತನ ಭೋಜನದ ಮೇಜು ಅವರ ಪಸ್ಕ ಹಬ್ಬದ ಮೇಜು. ಆ ಹಬ್ಬದಲ್ಲಿ ಹುಳಿಯಿಲ್ಲದ ರೊಟ್ಟಿ ತಿನ್ನಬೇಕೆಂಬ ನಿಯಮವನ್ನು ಮಕ್ಕಳಿಗೆ ಹೇಳಿಕೊಡುವಾಗ ಒಬ್ಬ ಹುಡುಗಿ, 'ನಮ್ಮ ಜೋಳದ ರೊಟ್ಟಿಗೆ ಹುಳಿ ಯಾವಾಗ ಹಾಕ್ತಾರ್ರೀ ಟೀಚರ್?' ಎಂದು ಕೇಳಿದಳು. ಎಲ್ಲರೂ ನಕ್ಕೆವು. ನಿಜವೇ. ಅವಸರದಲ್ಲಿ ಊರು ಬಿಟ್ಟು ಹೊರಟ ಜನರ ಬುತ್ತಿ ಅದು. ಬುತ್ತಿ ಕಟ್ಟುವ ಹೆಣ್ಣುಮಕ್ಕಳಿಗೆ ಅದರ ಅರ್ಥವನ್ನು ದೇವಜ್ಞಾನಿಗಳು ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟು ನವನಗರಕ್ಕೆ ಸಾಮಾನು ಹೊತ್ತವರಿಗಂತೂ ಊರು ಕಳೆದುಕೊಳ್ಳುವುದೆಂದರೇನೆಂದು ಕೇಳಲೇಬೇಡಿ.

ಇಳಕಲ್ಲ ಸೀರೆಯನ್ನು ಉಟ್ಟ ನಿಮಗೆಲ್ಲ 'ಕೊಂಡಿ' ಗೊತ್ತಿರಬಹುದು. ಮೈಯ ಹಾಸಿನ ನೂಲು ಬೇರೆ, ಸೆರಗಿನ ಹಾಸಿನ ರೇಷ್ಮೆ ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸಿ, ಆಮೇಲೆ ಅದರ ಮೇಲೆ ನೇಯುತ್ತಾರೆ. ತೋಪತೆನಿಯ ಕೆಂಪು ಸೆರಗು ಎಷ್ಟೇ ಚೆಂದವಿರಲಿ, ಕೊಂಡಿಯನ್ನು ಕತ್ತರಿಸಿದರೆ ಸೆರಗು ಒಂದು ಕಡೆ, ಸೀರೆ ಒಂದು ಕಡೆ. ನಮ್ಮ ಬೈಬಲ್ಲಿನಲ್ಲಿ ಹಳೆಯ ಒಡಂಬಡಿಕೆಗೂ ಹೊಸ ಒಡಂಬಡಿಕೆಗೂ ಇರುವ ಸಂಬಂಧ ಇಂಥದು. ಕತ್ತರಿಸಿ ನೋಡಿದವರೂ ಇದ್ದಾರೆ. 1939ರಲ್ಲಿ ಜರ್ಮನಿಯ ಐಸೆನಾಖ್ ಎಂಬ ಊರಿನಲ್ಲಿ ಸಭೆಯ ಬದುಕಿನಿಂದ ಯೆಹೂದ್ಯರ ಪ್ರಭಾವವನ್ನು ತೆಗೆದುಹಾಕುವುದಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಅದನ್ನು ನಡೆಸಿದವರು ಗೂಂಡಾಗಳಲ್ಲ, ದೇವಜ್ಞಾನದ ಪ್ರೊಫೆಸರುಗಳು. ಅವರು ಹೊಸ ಒಡಂಬಡಿಕೆಯನ್ನೇ ತಿದ್ದಿ ಅಚ್ಚು ಹಾಕಿಸಿದರು. ಸಂಗೀತ ಪುಸ್ತಕದಿಂದ ಇಬ್ರಿಯ ಮಾತುಗಳನ್ನು ಕಿತ್ತುಹಾಕಿದರು. ಯೇಸು ಯೆಹೂದ್ಯನೇ ಅಲ್ಲವೆಂದು ಸಾಧಿಸಹೋದರು. ಮರಿಯಳ ಮಗನಿಂದ ಅವನ ತಾಯಿಯ ಕುಲವನ್ನೇ ತೆಗೆದರೆ ಉಳಿಯುವುದು ಯಾರು? ಅವರು ತಾವು ಕೈಯಾರೆ ಮಾಡಿಕೊಂಡ ಒಂದು ಗೊಂಬೆ. ದ್ವೇಷಿಸುವವನು ಮೊದಲು ತನ್ನ ಬೇರನ್ನೇ ಕಡಿದುಕೊಳ್ಳುತ್ತಾನೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

'ಆದ್ರ ಕರ್ತನ್ನ ಶಿಲುಬೆಗೆ ಹಾಕಿಸಿದವ್ರು ಅವರೇ ಅಲ್ಲೇನ್ರಿ?' ಎಂದು ಕೆಲವರು ಕೇಳುತ್ತಾರೆ. ಶಿಲುಬೆ ರೋಮನ್ನರ ಶಿಕ್ಷೆ. ತೀರ್ಪು ಕೊಟ್ಟವನು ರೋಮಿನ ಅಧಿಕಾರಿ ಪಿಲಾತ, ಮೊಳೆ ಹೊಡೆದವರು ಅವನ ಸಿಪಾಯಿಗಳು. ಯೆರೂಸಲೇಮಿನ ಕೆಲವು ಯಾಜಕರು, ಮುಂದಾಳುಗಳು ಅದಕ್ಕೆ ಕೂಡಿದ್ದರು, ನಿಜ. ಆದರೆ ಶಿಲುಬೆಯ ಬುಡದಲ್ಲಿ ನಿಂತು ಅತ್ತ ಹೆಂಗಸರು ಯಾರು? ಅವನ ಹೆಣವನ್ನು ಕೇಳಿ ಪಡೆದು ಹೊಸ ಬಟ್ಟೆಯಲ್ಲಿ ಸುತ್ತಿದ ಯೋಸೇಫ ಯಾರು? ಮುಂಜಾನೆ ಸುಗಂಧದ್ರವ್ಯ ಹಿಡಿದು ಸಮಾಧಿಗೆ ಓಡಿದವರು ಯಾರು? ಅವರೂ ಯೆಹೂದ್ಯರೇ. ನಾವು ಭಾನುವಾರ ಎದ್ದು ನಿಂತು ಹೇಳುವ ವಿಶ್ವಾಸ ಪ್ರಮಾಣವನ್ನು ಗಮನಿಸಿರಿ. ಅದರಲ್ಲಿ ಯೇಸುವನ್ನು ಬಿಟ್ಟರೆ ಮನುಷ್ಯರ ಹೆಸರು ಬರುವುದು ಎರಡೇ. ಒಂದು ಹೆತ್ತ ಮರಿಯಳದು, ಇನ್ನೊಂದು ಶಿಕ್ಷೆ ವಿಧಿಸಿದ ಪಿಲಾತನದು. ಹೆತ್ತವಳು ಯೆಹೂದ್ಯಳು, ಕೊಲ್ಲಿಸಿದವನು ರೋಮನ್. ಪ್ರತಿ ವಾರ ಬಾಯಿಪಾಠ ಹೇಳುವ ನಾವು ಅದನ್ನು ಕಿವಿಯಿಂದ ಕೇಳುವುದಿಲ್ಲವಷ್ಟೆ.

ಒಂದು ಸುಳ್ಳನ್ನು ಪೀಠದಿಂದ ನೂರಾರು ವರ್ಷ ಹೇಳಿದರೆ ಏನಾಗುತ್ತದೆಂದು ನೋಡುವುದಕ್ಕೆ ಯುರೋಪು ಸಾಕು. ಮಾರ್ಟಿನ್ ಲೂಥರ್ ನಮ್ಮ ಪ್ರೊಟೆಸ್ಟಂಟರಿಗೆ ದೊಡ್ಡ ಹೆಸರು. ಸಾಮಾನ್ಯರ ಕೈಗೆ ಅವರ ಮಾತಿನ ಬೈಬಲ್ಲನ್ನು ಕೊಟ್ಟವನು ಅವನು. ಅವನೇ 1543ರಲ್ಲಿ ಯೆಹೂದ್ಯರ ವಿರುದ್ಧ ಒಂದು ಪುಸ್ತಕ ಬರೆದು, ಅವರ ಪ್ರಾರ್ಥನಾ ಮಂದಿರಗಳನ್ನು ಸುಡಬೇಕು, ಮನೆಗಳನ್ನು ಕೆಡವಬೇಕು ಎಂದ. ಸುಮಾರು ನಾನೂರು ವರ್ಷಗಳ ಮೇಲೆ, 1938ರ ನವೆಂಬರ್ 9ರ ರಾತ್ರಿ, ಜರ್ಮನಿಯ ಊರೂರುಗಳಲ್ಲಿ ಆ ಮಂದಿರಗಳು ಉರಿದವು. ಲೂಥರನ ಮಾತೊಂದರಿಂದಲೇ ಬೆಂಕಿ ಹತ್ತಿತೆಂದು ನಾನು ಹೇಳುವುದಿಲ್ಲ. ಆದರೆ ಕಟ್ಟಿಗೆ ಒಣಗಿಸಿಟ್ಟವರಲ್ಲಿ ಅವನೂ ಒಬ್ಬ. ಆಮೇಲೆ ಎರಡನೆಯ ಮಹಾಯುದ್ಧ ಮುಗಿಯುವುದರೊಳಗೆ ಸುಮಾರು 60 ಲಕ್ಷ ಯೆಹೂದ್ಯರನ್ನು ಹಿಟ್ಲರನ ಆಡಳಿತ ಕೊಂದಿತು. ಅವರಲ್ಲಿ ಹತ್ತು ಲಕ್ಷಕ್ಕೂ ಮಿಕ್ಕು ಮಕ್ಕಳು. ಗದರುವ ಅತ್ತೆಗೆ ಆ ಹೆಸರಿಡುವಾಗ ಈ ಲೆಕ್ಕ ನಮ್ಮ ಮನಸ್ಸಿಗೆ ಬಾರದಿರುವುದು ಅಜ್ಞಾನದಿಂದ, ಕೆಟ್ಟತನದಿಂದಲ್ಲ. ಗೊತ್ತಾದ ಮೇಲೂ ಇಟ್ಟರೆ ಆಗ ಮಾತು ಬೇರೆ.

ಸಭೆಗಳು ತಡವಾಗಿಯಾದರೂ ಕಣ್ಣು ತೆರೆದವು. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಕೂಡದೆಂದು 1965ರಲ್ಲಿ ಕಥೋಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿತು. 1994ರಲ್ಲಿ ಅಮೆರಿಕದ ಇವಾಂಜೆಲಿಕಲ್ ಲೂಥರನ್ ಸಭೆಯವರು ಲೂಥರನ ಆ ಬರಹವನ್ನು ಬಹಿರಂಗವಾಗಿ ತಿರಸ್ಕರಿಸಿದರು. ಗುರುವಿನ ತಪ್ಪನ್ನು ತಪ್ಪೆಂದು ಹೇಳುವುದು ಗುರುದ್ರೋಹವಲ್ಲ ಎಂದು ತೋರಿಸಿಕೊಟ್ಟರು. ಈ ಸುದ್ದಿ ನಮ್ಮ ಸಣ್ಣ ಊರುಗಳ ಪೀಠದವರೆಗೆ ಎಷ್ಟು ಬಂದಿದೆ ಎಂಬುದನ್ನು ನೀವೇ ಯೋಚಿಸಿರಿ.

ಗೆಳತಿ ಹೇಳಿದ್ದರಲ್ಲಿ ಇನ್ನೊಂದು ಮಾತನ್ನೂ ಪರೀಕ್ಷಿಸಬೇಕು. 'ಅವರು ನಮ್ಮವರಲ್ಲ, ನಮ್ಮ ನಾಡಿಗೆ ಬಂದವರಲ್ಲ' ಎಂಬುದು ನಿಜವೇ? ಕೂಡಲಸಂಗಮ ಹುನಗುಂದದ ಸೀಮೆಯಲ್ಲೇ ಇದೆ. ಬಸವಣ್ಣನವರು ಬದುಕಿದ ಹನ್ನೆರಡನೆಯ ಶತಮಾನದಲ್ಲೇ ಅತ್ತ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವ್ಯಾಪಾರಿ ಮನೆ ಮಾಡಿಕೊಂಡಿದ್ದ. ಅವನ ಹುಟ್ಟೂರು ಆಫ್ರಿಕಾದ ಟ್ಯುನೀಸಿಯಾ ಕಡೆಯದು. ಹದಿನೇಳು ವರ್ಷದಷ್ಟು ಕಾಲ ಇಲ್ಲಿ ಮೆಣಸು, ಕಂಚಿನ ಪಾತ್ರೆಗಳ ವ್ಯಾಪಾರ ಮಾಡಿದ. 1132ರಲ್ಲಿ ಆಶು ಎಂಬ ಇಲ್ಲಿಯ ಹೆಣ್ಣನ್ನು ದಾಸ್ಯದಿಂದ ಬಿಡುಗಡೆ ಮಾಡಿದ. ಅವಳೇ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ಹೇಳುತ್ತಾರೆ. ಬೊಮ್ಮ ಎಂಬ ಹೆಸರಿನ ಆಳು ಅವನ ಪರವಾಗಿ ಕಡಲು ದಾಟಿ ವ್ಯಾಪಾರಕ್ಕೆ ಹೋಗಿಬರುತ್ತಿದ್ದ. ದೇವರ ಹೆಸರಿರಬಹುದಾದ ಕಾಗದವನ್ನು ಹರಿದು ಎಸೆಯಬಾರದೆಂಬ ಅವರ ಪದ್ಧತಿಯಿಂದಾಗಿ ಆ ವ್ಯಾಪಾರಿಯ ಪತ್ರಗಳು ಕೈರೋ ನಗರದ ಪ್ರಾರ್ಥನಾ ಮಂದಿರದಲ್ಲಿ ಉಳಿದು ನಮ್ಮ ಕಾಲಕ್ಕೆ ಸಿಕ್ಕವು. ಅಮಿತಾವ ಘೋಷರು ಈ ಕಥೆಯನ್ನು 1992ರಲ್ಲಿ ಪುಸ್ತಕವಾಗಿ ಬರೆದರು.

ಕೊಂಕಣ ಕರಾವಳಿಯಲ್ಲಿ ಬೆನೆ ಇಸ್ರೇಲರೆಂಬ ಯೆಹೂದ್ಯರು ಶತಮಾನಗಳಿಂದ ಗಾಣದ ಕೆಲಸ ಮಾಡಿಕೊಂಡಿದ್ದರು. ಸಬ್ಬತ್ತಿನ ದಿನ ಗಾಣ ಕಟ್ಟುತ್ತಿರಲಿಲ್ಲವೆಂದು ಊರವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಮನೆಯಲ್ಲಿ ಮರಾಠಿ ಮಾತು. ಮದುವೆಯಾದ ಹೆಣ್ಣಿಗೆ ಕರಿಮಣಿಯ ಮಂಗಳಸೂತ್ರ. ಶುಭಕಾರ್ಯಕ್ಕೆ ಎಲೀಯ ಪ್ರವಾದಿಯನ್ನು ನೆನೆದು 'ಮಲೀದಾ' ಹಂಚುತ್ತಾರೆ. ಹೆಸರು ಕೇಳಿದರೆ ನಮ್ಮ ಮಾದಲಿ ನೆನಪಾಗುತ್ತದೆ, ಆದರೆ ಅವರದು ಅವಲಕ್ಕಿ, ಕಾಯಿತುರಿ, ಸಿಹಿ, ಹಣ್ಣು ಕೂಡಿಸಿದ್ದು. ಇದೇ ಸಮಾಜದ ಹೆಣ್ಣುಮಗಳು ಡಾಕ್ಟರ್ ಜೆರೂಷಾ ಜಿರಾಡ್. ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ. ಲಂಡನ್ನಿನಲ್ಲಿ ಓದಿ 1919ರಲ್ಲಿ ಎಂ.ಡಿ. ಪಡೆದು, ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ ದುಡಿದರು. 1966ರಲ್ಲಿ ಪದ್ಮಶ್ರೀ ಬಂತು. ಅವರ ಕೈಯಲ್ಲಿ ಹೆರಿಗೆಯಾದ ತಾಯಂದಿರು 'ಡಾಕ್ಟರು ಯಾವ ಧರ್ಮದವರು' ಎಂದು ಕೇಳಿ ನೋವು ತಿಂದಿರಲಾರರು. ಮುಂಜಾನೆ ಆಕಾಶವಾಣಿ ಶುರುವಾಗುವಾಗ ಕೇಳುತ್ತಿದ್ದ ಆ ಪಿಟೀಲಿನ ದನಿಯನ್ನು ಮರೆಯಲಾದೀತೇ? ಅದನ್ನು ಸಂಯೋಜಿಸಿದವನೆಂದು ಹೆಸರಾದ ವಾಲ್ಟರ್ ಕಾಫ್‌ಮನ್ ಕೂಡ ಯೆಹೂದ್ಯ, ನಾಜಿಗಳ ದೆಸೆಯಿಂದ ಯುರೋಪು ಬಿಟ್ಟು ಮುಂಬಯಿಗೆ ಬಂದವನು. ನಮ್ಮ ಮನೆಗಳ ಒಲೆ ಹೊತ್ತುವ ವೇಳೆಗೆ ದಿನಾಲೂ ಒಬ್ಬ ದೇಶಭ್ರಷ್ಟನ ರಾಗ ಕೇಳುತ್ತಿತ್ತು. ನಮ್ಮೂರಲ್ಲಿ ಇಲ್ಲದವರು ನಮ್ಮ ಮನೆಯಲ್ಲೇ ಇದ್ದರು!

ಭಾರತದಲ್ಲಿ ಯೆಹೂದ್ಯರನ್ನು ಯಾರೂ ಹಿಂಸಿಸಲಿಲ್ಲವೆಂದು ಅಭಿಮಾನದಿಂದ ಹೇಳುತ್ತೇವೆ. ಬಹುಮಟ್ಟಿಗೆ ಅದು ನಿಜ. ಆದರೆ ಒಂದು ಕಡೆ ಹಿಂಸೆಯಾಯಿತು, ಅದನ್ನು ಮಾಡಿದವರು ಕ್ರೈಸ್ತರು. ಪೋರ್ಚುಗೀಸರು 1510ರಲ್ಲಿ ವಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಿತ್ತುಕೊಂಡರು. 1560ರಲ್ಲಿ ಅಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಬಂತು. ಗಾರ್ಸಿಯಾ ದ ಓರ್ತಾ ಎಂಬ ವೈದ್ಯ 1563ರಲ್ಲಿ ನಮ್ಮ ದೇಶದ ಗಿಡಮೂಲಿಕೆಗಳ ಮೇಲೆ ಹೆಸರುವಾಸಿ ಪುಸ್ತಕವನ್ನು ಗೋವೆಯಲ್ಲಿ ಅಚ್ಚು ಹಾಕಿಸಿದ. ಅವನು ಯೆಹೂದ್ಯ ಮೂಲದವನು. ಅವನು ಸತ್ತ ಮರುವರ್ಷ, 1569ರಲ್ಲಿ, ಗುಟ್ಟಾಗಿ ಯೆಹೂದ್ಯ ಧರ್ಮ ಪಾಲಿಸಿದಳೆಂದು ಅವನ ತಂಗಿ ಕತರೀನಾಳನ್ನು ಜೀವಂತ ಸುಟ್ಟರು. 1580ರಲ್ಲಿ ಗೋರಿಯಿಂದ ಅವನ ಎಲುಬುಗಳನ್ನು ತೆಗೆದು ಸುಟ್ಟರು. ಬದುಕಿಲ್ಲದವನ ಮೇಲೂ ಹಗೆ ತೀರಲಿಲ್ಲ. ಇಲ್ಲದವರನ್ನು ಬೈದರೆ ಯಾರಿಗೆ ಹತ್ತುತ್ತದೆ ಎಂಬ ಪ್ರಶ್ನೆಗೆ ಕತರೀನಾಳೇ ಉತ್ತರ. ಇಂದು ದೂರದವರ ಮೇಲೆ ಅಭ್ಯಾಸವಾದ ಮಾತು ನಾಳೆ ಹತ್ತಿರದ ಒಬ್ಬ ಹೆಂಗಸನ್ನು ಹುಡುಕಿಕೊಂಡು ಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ನನಗೆ ಗೊತ್ತು. 'ಗಾಜಾದಲ್ಲಿ ಸತ್ತ ಕೂಸುಗಳನ್ನು ನೋಡಿಯೂ ಅವರ ಪರ ಮಾತಾಡುತ್ತೀರಾ?' 2023ರ ಅಕ್ಟೋಬರ್ 7ರಂದು ಹಮಾಸಿನವರು ಇಸ್ರೇಲಿನೊಳಗೆ ನುಗ್ಗಿ ಸುಮಾರು 1200 ಜನರನ್ನು ಕೊಂದರು, 250ರಷ್ಟು ಜನರನ್ನು ಒತ್ತೆ ಒಯ್ದರು. ಆಮೇಲಿನ ಇಸ್ರೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಅವರಲ್ಲಿ ಹೆಂಗಸರು ಮಕ್ಕಳು ಬಹಳ. ಆ ಮಕ್ಕಳಿಗಾಗಿ ಅಳದ ತಾಯಿ ತಾಯಿಯಲ್ಲ. ಒಂದು ಸರಕಾರ ಮಾಡಿದ್ದನ್ನು ತಪ್ಪೆಂದು ಹೇಳುವ ಹಕ್ಕು ಎಲ್ಲರಿಗೂ ಇದೆ. ಹಾಗೆ ಹೇಳುವ ಯೆಹೂದ್ಯರೂ ಬಹಳ ಮಂದಿ ಇದ್ದಾರೆ. ಆದರೆ ಸರಕಾರದ ಸಿಟ್ಟನ್ನು ಇನ್ನಾವುದೋ ದೇಶದಲ್ಲಿ ಶನಿವಾರದ ಪ್ರಾರ್ಥನೆಗೆ ಹೋದ ಮುದುಕಿಯ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ? 2018ರ ಅಕ್ಟೋಬರಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಪ್ರಾರ್ಥನಾ ಮಂದಿರದಲ್ಲಿ ಒಬ್ಬನು ಗುಂಡು ಹಾರಿಸಿ 11 ಜನರನ್ನು ಕೊಂದ. ಸತ್ತವರಲ್ಲಿ 97 ವರ್ಷದ ಅಜ್ಜಿಯೂ ಇದ್ದಳು. ಅಳುವುದಕ್ಕೆ ಕಣ್ಣು ಎರಡಿವೆ. ಒಂದು ಕಡೆಗೆ ಅತ್ತರೆ ಇನ್ನೊಂದು ಕಡೆಗೆ ಅಳಬಾರದೆಂಬ ಕಾನೂನು ದೇವರು ಮಾಡಿಲ್ಲ. ಯೆಹೂದ್ಯರ ಮೇಲಿನ ಪ್ರೀತಿ ಎಂಬ ಹೆಸರಿನಲ್ಲಿ ಮುಸಲ್ಮಾನರನ್ನು ಹಳಿಯುವ ಸಂದೇಶಗಳೂ ನನಗೆ ಬರುತ್ತವೆ. ಒಂದು ಹಗೆಯ ಜಾಗದಲ್ಲಿ ಇನ್ನೊಂದನ್ನು ತಂದಿಟ್ಟರೆ ಮನೆ ಸ್ವಚ್ಛವಾಗುವುದಿಲ್ಲ.

ಎಸ್ತೇರಳ ಪುಸ್ತಕವನ್ನು ನಮ್ಮ ಹೆಣ್ಣುಮಕ್ಕಳು ಓದಿರುತ್ತಾರೆ. ಅದರ ಇಬ್ರಿಯ ಮೂಲದಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ಹಾಮಾನನಿಗೆ ಸಿಟ್ಟು ಬಂದದ್ದು ತನಗೆ ಅಡ್ಡಬೀಳದ ಒಬ್ಬ ಮೊರ್ದೆಕೈಯ ಮೇಲೆ. ಆದರೆ ಒಬ್ಬನನ್ನು ಕೊಂದರೆ ಅವನ ಅಹಂಕಾರಕ್ಕೆ ಸಾಲದು. ಅವನು ರಾಜನ ಹತ್ತಿರ ಹೋಗಿ, ಅಲ್ಲಲ್ಲಿ ಚದುರಿದ ಒಂದು ಜನಾಂಗವಿದೆ, ಅವರ ನಡೆ ಬೇರೆ, ಅವರನ್ನು ಇಟ್ಟುಕೊಳ್ಳುವುದು ನಿನಗೆ ಲಾಭವಿಲ್ಲ ಎಂದು ಕಿವಿಯೂದಿದ. ಜನಾಂಗದ ಹೆಸರನ್ನು ಕೂಡ ಹೇಳಲಿಲ್ಲ, ರಾಜನೂ ಕೇಳಲಿಲ್ಲ! ಮುದ್ರೆಯುಂಗುರ ತೆಗೆದು ಕೊಟ್ಟುಬಿಟ್ಟ. ಕೊಲೆಯ ಆಜ್ಞೆಗೆ ಸಿಟ್ಟು ಒಬ್ಬನದು ಸಾಕಾಯಿತು, ಉಳಿದವರದು ಅಲಕ್ಷ್ಯ. 'ಯಾರವರು?' ಎಂದು ಒಂದು ಪ್ರಶ್ನೆ ಕೇಳದವನೂ ಆ ಪಾಪದಲ್ಲಿ ಪಾಲುದಾರ. ಮೊಬೈಲಿನ ಸಂದೇಶವನ್ನು ಓದದೆ ಹತ್ತು ಮಂದಿಗೆ ಕಳಿಸುವ ನಮ್ಮ ಹೆಬ್ಬೆರಳಿಗೂ ಆ ಮುದ್ರೆಯುಂಗುರಕ್ಕೂ ಬಹಳ ದೂರವಿಲ್ಲ.

ನಮ್ಮ ನಾಡಿನಲ್ಲಿ ಕ್ರೈಸ್ತರಾದ ನಾವೂ ಸ್ವಲ್ಪ ಮಂದಿ. ನಮ್ಮ ಬಗೆಗೂ ಕಥೆಗಳು ಹುಟ್ಟುತ್ತವೆ. ನಾವು ಮಾಡದ್ದನ್ನು ಮಾಡಿದರೆನ್ನುವವರು, ನೋಡದ್ದನ್ನು ನೋಡಿದೆವೆನ್ನುವವರು ಇದ್ದಾರೆ. ಅಂಥ ಹೊತ್ತಿನಲ್ಲಿ 'ನಾವು ಅಂಥವರಲ್ರೀ, ನಮ್ಮ ಮನೀಗ ಬಂದು ನೋಡ್ರಿ' ಎನ್ನುತ್ತೇವೆ. ನೆರೆಯವರು ನಮ್ಮ ಬಗೆಗಿನ ಸುಳ್ಳನ್ನು ನಂಬಬಾರದೆಂದು ಕೇಳಿಕೊಳ್ಳುವ ನಾವು, ಬಂದು ನೋಡಿರೆಂದು ನಮ್ಮನ್ನು ಕರೆಯಲಾರದಷ್ಟು ದೂರ ಇರುವವರ ಬಗೆಗಿನ ಸುಳ್ಳನ್ನು ಪೀಠದಿಂದ ಹೇಳಬಹುದೇ? ಬಾದಾಮಿಯ ಬೆಟ್ಟದ ಒಂದೇ ಮೈಯಲ್ಲಿ ಶಿವನಿಗೊಂದು ಗುಹೆ, ವಿಷ್ಣುವಿಗೆರಡು, ಜಿನನಿಗೊಂದು ಇವೆ. ಕಡೆದ ಕೈಗಳಿಗೆ ಕಲ್ಲು ಒಂದೇ ಆಗಿತ್ತು.

ಕೊನೆಗೆ ಒಬ್ಬ ಹೆಣ್ಣುಮಗಳ ಮಾತು ಹೇಳಬೇಕು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಮೇಲೆ ದಾಳಿ ನಡೆದಾಗ ನರಿಮನ್ ಹೌಸ್ ಎಂಬ ಯೆಹೂದ್ಯ ಕೇಂದ್ರಕ್ಕೂ ಬಂದೂಕುಧಾರಿಗಳು ನುಗ್ಗಿದರು. ಅಲ್ಲಿಯ ಧರ್ಮಗುರು ಗೇಬ್ರಿಯಲ್ ಹೋಲ್ಟ್ಸ್‌ಬರ್ಗ್, ಅವರ ಹೆಂಡತಿ ರಿವ್ಕಾ ಸತ್ತರು. ಅವರ ಮಗು ಮೋಶೆಗೆ ಎರಡು ವರ್ಷ ತುಂಬುವುದರಲ್ಲಿತ್ತು. ಮಗುವನ್ನು ನೋಡಿಕೊಳ್ಳುತ್ತಿದ್ದ ಸಾಂಡ್ರಾ ಸ್ಯಾಮ್ಯುಯೆಲ್ ಒಬ್ಬ ಕ್ರೈಸ್ತ ಹೆಂಗಸು, ತನಗೂ ಮಕ್ಕಳಿದ್ದ ತಾಯಿ. ಕೆಳಗಿನ ಕೋಣೆಯಲ್ಲಿ ಅಡಗಿದ್ದ ಆಕೆ ಮರುದಿನ ಮುಂಜಾನೆ ಮೇಲಿನಿಂದ ಕೂಸು ಅಳುವ ದನಿ ಕೇಳಿದಳು. ಹೊರಗೆ ಓಡಿ ಜೀವ ಉಳಿಸಿಕೊಳ್ಳಬಹುದಿತ್ತು. ಆಕೆ ಮೆಟ್ಟಿಲು ಹತ್ತಿದಳು. ತಂದೆತಾಯಿಯ ಹತ್ತಿರ ನಿಂತಿದ್ದ ಮಗುವನ್ನು ಎತ್ತಿಕೊಂಡು ಕೆಳಗೆ ಓಡಿ ಬಂದಳು. ಆಮೇಲೆ ಕೂಸು ತನ್ನನ್ನು ಬಿಟ್ಟಿರದೆಂದು ಅದರ ಜೊತೆ ಇಸ್ರೇಲಿಗೂ ಹೋದಳು. 2010ರಲ್ಲಿ ಆ ದೇಶ ಆಕೆಗೆ ಗೌರವ ಪೌರತ್ವ ಕೊಟ್ಟಿತು.

ಆ ಮೆಟ್ಟಿಲಿನ ಮೇಲೆ ಆಕೆ ದೇವಜ್ಞಾನವನ್ನು ಯೋಚಿಸಿರಲಿಕ್ಕಿಲ್ಲ. ಕರ್ತನನ್ನು ಕೊಂದವರು ಯಾರು ಎಂಬ ಲೆಕ್ಕ ಹಾಕಿರಲಿಕ್ಕಿಲ್ಲ. ಆಕೆಗೆ ಕೇಳಿಸಿದ್ದು ಒಂದು ಅಳು. ಆ ಕೂಸು ಯಾರದು ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ದಿನಾಲೂ ಅದಕ್ಕೆ ಉಣಿಸಿ ಮಲಗಿಸಿದ್ದಳು. ಇದೇ ನನಗೆ ಮುಖ್ಯವೆನಿಸುತ್ತದೆ. ಹಗೆ ಇಲ್ಲದವರ ಮೇಲೆ ಬೆಳೆಯುತ್ತದೆ. ಪ್ರೀತಿಗೆ ಒಂದು ಮುಖ ಬೇಕು, ಒಂದು ಹೆಸರು ಬೇಕು. ನಮ್ಮೂರಲ್ಲಿ ಇಲ್ಲದವರ ಮುಖವನ್ನು ನಮ್ಮ ಮಕ್ಕಳಿಗೆ ತೋರಿಸುವುದು ಹೇಗೆ? ಇರುವ ದಾರಿ ಒಂದೇ. ಅವರ ಕಥೆಗಳನ್ನು ಸರಿಯಾಗಿ ಹೇಳಬೇಕು.

ಅದು ದೊಡ್ಡ ಕೆಲಸವೇನಲ್ಲ, ಮನೆಯಲ್ಲೇ ಆಗುವಂಥದು. ಶುಭ ಶುಕ್ರವಾರದ ಕಥೆ ಹೇಳುವಾಗ 'ಯೆಹೂದ್ಯರು' ಎಂದು ಎಲ್ಲರನ್ನೂ ಒಂದೇ ಗಂಟು ಕಟ್ಟದೆ, ಪಿಲಾತ, ಕೆಲವು ಯಾಜಕರು, ರೋಮಿನ ಸಿಪಾಯಿಗಳು ಎಂದು ಬಿಡಿಸಿ ಹೇಳಬಹುದು. ಕರ್ತನು ಯಾವ ಕುಲದಲ್ಲಿ ಹುಟ್ಟಿದನೆಂದು ಮಗು ಕೇಳಿದರೆ ನೇರವಾಗಿ ಹೇಳಬಹುದು. ರೂತ, ಎಸ್ತೇರ ಎಂದು ಹೆಸರಿಟ್ಟುಕೊಂಡ ಮಗಳಿಗೆ ಆ ಹೆಸರು ಎಲ್ಲಿಂದ ಬಂತೆಂದು ತಿಳಿಸಬಹುದು. ಹಿಟ್ಲರ್ ಎಂದು ಯಾರಾದರೂ ನಗೆಯಾಡಿದರೆ ಆ ಮನುಷ್ಯ ಏನು ಮಾಡಿದನೆಂದು ಎರಡು ಮಾತಿನಲ್ಲಿ ಹೇಳಬಹುದು. ಮೊಬೈಲಿನಲ್ಲಿ ಬಂದ ಕೆಟ್ಟ ಸಂದೇಶವನ್ನು ಮುಂದಕ್ಕೆ ಕಳಿಸದೆ ಅಲ್ಲಿಯೇ ಅಳಿಸಬಹುದು. ಪೀಠದ ಮೇಲಿನವರು ತಪ್ಪು ಹೇಳಿದರೆ ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು, 'ಅಯ್ಯನವರ, ಒಂದ್ ಮಾತು ಕೇಳ್ಬೇಕಿತ್ರಿ' ಎಂದು ವಿನಯದಿಂದಲೇ ಕೇಳಬಹುದು.

ಇಳಕಲ್ಲಿನ ಗೆಳತಿಗೆ ಇದನ್ನೆಲ್ಲ ಹೇಳಿ ಮುಗಿಸುವಾಗ ಚಹಾ ಆರಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ಸಾಂಡ್ರಾಬಾಯಿ ಕಥಿ ನಮ್ಮ ಹೆಣ್ಣುಮಕ್ಕಳ ಕೂಟದಾಗ ಒಂದ್ಸಲ ಹೇಳ್ರಿ' ಎಂದಳು. ಮುಂದಿನ ಗುರುವಾರ ಎಂದು ನಿಕ್ಕಿಯಾಯಿತು.